ಪದಗಳ ನೆಂಟಸ್ತಿಕೆ ಹುಡುಕಿದ ರಬ್ಬಿ

ಅಡುಗೆಮನೆಯ ಡಬ್ಬಿಯಲ್ಲಿ ಸಕ್ಕರೆ ಇದೆ. ಗ್ರಂಧಿಗೆ ಅಂಗಡಿಯಲ್ಲಿ ಹಿಪ್ಪಲಿ ಸಿಗುತ್ತದೆ. ಹಜಾರದಲ್ಲಿ ಕುರ್ಚಿ ಹಾಕಿದ್ದೇವೆ. ತಿಂಗಳ ಕೊನೆಗೆ ಹಾಲಿನವನ ಹಿಸಾಬು ಚುಕ್ತಾ ಮಾಡುತ್ತೇವೆ. ಸಕ್ಕರೆ, ಹಿಪ್ಪಲಿ, ಕುರ್ಚಿ, ಹಿಸಾಬು ಎಂಬ ಈ ನಾಲ್ಕು ಪದಗಳಿಗೂ ಸಾವಿರಾರು ಮೈಲಿ ದೂರದ ಹೀಬ್ರೂ ಭಾಷೆಯಲ್ಲಿ ನೆಂಟರಿದ್ದಾರೆ ಎಂದರೆ ವಿದ್ಯಾರ್ಥಿ ಮಿತ್ರರು ಸುಲಭವಾಗಿ ನಂಬಲಿಕ್ಕಿಲ್ಲ. ಆದರೆ ಮಾತು ನಿಜ. ಆ ಭಾಷೆಯಲ್ಲಿ ಸಕ್ಕರೆಗೆ ‘ಸುಕಾರ್’, ಮೆಣಸಿಗೆ ‘ಪಿಲ್ಪೆಲ್’, ಕುರ್ಚಿಗೆ ‘ಕಿಸ್ಸೆ’, ಲೆಕ್ಕಕ್ಕೆ ‘ಹೆಷ್ಬೋನ್’ ಎನ್ನುತ್ತಾರೆ.

ಪದಗಳ ಇಂಥ ನೆಂಟಸ್ತಿಕೆಯನ್ನು ಹುಡುಕುವುದರಲ್ಲೇ ಬಾಳು ಸವೆಸಿದ ಒಬ್ಬ ವಿದ್ವಾಂಸರ ವಿಷಯವನ್ನು ಈ ವಾರ ಹೇಳಬೇಕೆಂದಿದ್ದೇನೆ. ಅವರ ಹೆಸರು ಅರ್ನೆಸ್ಟ್ ಕ್ಲೈನ್. ವೃತ್ತಿಯಿಂದ ರಬ್ಬಿ. ಇಂಗ್ಲಿಷಿಗೆ ಒಂದು, ಹೀಬ್ರೂವಿಗೆ ಒಂದು, ಹೀಗೆ ಎರಡು ದೊಡ್ಡ ವ್ಯುತ್ಪತ್ತಿ ಕೋಶಗಳನ್ನು ರಚಿಸಿದವರು. ಪದದ ಅರ್ಥವನ್ನು ಹೇಳುವುದು ಸಾಮಾನ್ಯ ನಿಘಂಟು. ಆ ಪದ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ನಡೆದು ಬಂತು, ದಾರಿಯಲ್ಲಿ ರೂಪವನ್ನೂ ಅರ್ಥವನ್ನೂ ಹೇಗೆ ಬದಲಿಸಿಕೊಂಡಿತು ಎಂದು ಹೇಳುವುದು ವ್ಯುತ್ಪತ್ತಿ ಕೋಶ. ಅಂಥ ಒಂದನ್ನು ಬರೆಯುವುದೇ ಒಂದು ಜನ್ಮದ ಕೆಲಸ. ಕ್ಲೈನ್ ಅವರು ಎರಡನ್ನು ಬರೆದರು. ಅದೂ ತಮ್ಮದೆನ್ನುವುದನ್ನೆಲ್ಲ ಕಳೆದುಕೊಂಡ ಮೇಲೆ.

ಗಡಿಗಳು ಓಡಾಡಿದ ಊರು

ಕ್ಲೈನ್ ಹುಟ್ಟಿದ್ದು 1899ರ ಜುಲೈ 26ರಂದು, ಸತ್ಮಾರ್ ಎಂಬ ಊರಿನಲ್ಲಿ. ಆಗ ಅದು ಆಸ್ಟ್ರಿಯ-ಹಂಗೇರಿ ಸಾಮ್ರಾಜ್ಯದಲ್ಲಿತ್ತು. ಮೊದಲನೆಯ ಮಹಾಯುದ್ಧದ ನಂತರ, 1920ರ ಒಪ್ಪಂದದಂತೆ ರುಮೇನಿಯಕ್ಕೆ ಸೇರಿತು. 1940ರಲ್ಲಿ ಮತ್ತೆ ಹಂಗೇರಿಯ ಪಾಲಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮತ್ತೆ ರುಮೇನಿಯಕ್ಕೆ ಬಂತು. ಇಂದಿಗೂ ಅಲ್ಲೇ ಇದೆ. ಮನೆ ಬದಲಿಸದೆ, ಬೀದಿಯ ಕೊನೆಯನ್ನೂ ದಾಟದೆ, ಆ ಊರಿನ ಜನ ಮೂರು ನಾಲ್ಕು ಸಲ ಬೇರೆ ಬೇರೆ ಸರ್ಕಾರಗಳ ಪ್ರಜೆಗಳಾಗಬೇಕಾಯಿತು. ಸಂತೆಗೆ ಹೋದರೆ ಹಂಗೇರಿಯನ್, ರುಮೇನಿಯನ್, ಜರ್ಮನ್, ಯಿಡ್ಡಿಷ್ ಎಲ್ಲವೂ ಕಿವಿಗೆ ಬೀಳುತ್ತಿದ್ದ ಊರು ಅದು. ನಮ್ಮ ಬೆಳಗಾವಿ, ಕಾಸರಗೋಡು, ಕೋಲಾರದ ಕಡೆಯ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ರಬ್ಬಿ ಎಂದರೆ ಯೆಹೂದ್ಯರ ಪೂಜಾರಿ ಎಂದು ನಮ್ಮಲ್ಲಿ ಹಲವರ ತಿಳಿವಳಿಕೆ. ಅದು ಅಷ್ಟು ಸರಿಯಲ್ಲ. ಹೀಬ್ರೂವಿನಲ್ಲಿ ‘ರಾವ್’ ಎಂದರೆ ದೊಡ್ಡವನು, ಒಡೆಯ. ‘ರಬ್ಬಿ’ ಎಂದರೆ ‘ನನ್ನ ಗುರು’. ಶಾಸ್ತ್ರಗ್ರಂಥಗಳನ್ನು ಓದಿ, ಓದಿಸಿ, ಸಂದೇಹ ಬಂದಾಗ ತೀರ್ಪು ಹೇಳುವ ಪಂಡಿತ ಅವನು. ಗ್ರಂಥದ ಒಂದೊಂದು ಪದದ ಮೇಲೂ ವಾದ ನಡೆಯುವ ಆ ಪರಂಪರೆಯಲ್ಲಿ ವ್ಯಾಕರಣವೂ ನಿಘಂಟೂ ಬಹಳ ಹಿಂದಿನಿಂದ ಪಂಡಿತರ ಕೆಲಸವಾಗಿ ಬಂದಿವೆ. 10ನೆಯ ಶತಮಾನದಲ್ಲಿ ಸ್ಪೇನಿನ ಕಾರ್ಡೊಬಾದಲ್ಲಿದ್ದ ಯೆಹೂದಾ ಹಯ್ಯೂಜ್ ಎಂಬ ಪಂಡಿತ, ಹೀಬ್ರೂ ಕ್ರಿಯಾಪದಗಳಿಗೆಲ್ಲ ಮೂರು ವ್ಯಂಜನಗಳ ಧಾತು ಇರುತ್ತದೆ ಎಂದು ತೋರಿಸಿಕೊಟ್ಟ. ಅವನು ತನ್ನ ವ್ಯಾಕರಣವನ್ನು ಬರೆದದ್ದು ಅರಬ್ಬಿಯಲ್ಲಿ. ಅರಬ್ಬಿ ವೈಯಾಕರಣರು ತಮ್ಮ ಭಾಷೆಯ ಬಗ್ಗೆ ಮಾಡಿದ್ದ ವಿಚಾರಗಳೇ ಅವನಿಗೆ ದಾರಿ ತೋರಿದವು. ಒಂದು ಭಾಷೆ ತನ್ನನ್ನು ತಾನು ಅರಿಯಲು ಪಕ್ಕದ ಭಾಷೆಯ ಕನ್ನಡಿ ಬೇಕಾಯಿತು ಎಂಬುದನ್ನು ನೆನಪಿಟ್ಟುಕೊಳ್ಳಿ. ಕ್ಲೈನ್ ಅವರ ಜೀವನದ ಕೆಲಸವೂ ಇದೇ ಬಗೆಯದು.

ಕ್ಲೈನ್ ಅವರ ತಂದೆ ಯಿತ್ಸಹಾಕ್ ಕ್ಲೈನ್ ಹೆಸರಾಂತ ರಬ್ಬಿ, ವಿದ್ವಾಂಸರು. ಮಗ ಮನೆಯ ವಿದ್ಯೆಯನ್ನು ಕಲಿತು ರಬ್ಬಿಯಾದದ್ದಲ್ಲದೆ, ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಓದಿ 1925ರಲ್ಲಿ ಡಾಕ್ಟರೇಟ್ ಪಡೆದರು. ಹೀಬ್ರೂ, ಅರಬ್ಬಿ, ಅರಮೇಯಿಕ್ ಮುಂತಾದ ಸೆಮಿಟಿಕ್ ಭಾಷೆಗಳ ಜೊತೆಗೆ, ಲ್ಯಾಟಿನ್ನಿನಿಂದ ಹುಟ್ಟಿದ ಯೂರೋಪಿನ ಭಾಷೆಗಳನ್ನೂ ಅಭ್ಯಾಸ ಮಾಡಿದರು. 1931ರಿಂದ ನೋವೆ ಜಾಮ್ಕಿ ಎಂಬ ಊರಿನಲ್ಲಿ ರಬ್ಬಿಯಾಗಿ ನಿಂತರು. ಆಗ ಚೆಕೊಸ್ಲೊವಾಕಿಯದಲ್ಲಿದ್ದ ಆ ಊರು 1938ರಲ್ಲಿ ಹಂಗೇರಿಗೆ ಹೋಯಿತು, ಈಗ ಸ್ಲೊವಾಕಿಯದಲ್ಲಿದೆ. ಇಲ್ಲೂ ಗಡಿ ಅವರ ಬೆನ್ನು ಬಿಡಲಿಲ್ಲ.

1944ರ ಮಾರ್ಚಿಯಲ್ಲಿ ಹಿಟ್ಲರನ ಸೇನೆ ಹಂಗೇರಿಯನ್ನು ಆಕ್ರಮಿಸಿತು. ಮೇ ತಿಂಗಳ ನಡುವಿನಿಂದ ಜುಲೈ ಮೊದಲ ವಾರದವರೆಗೆ, ಎರಡು ತಿಂಗಳೂ ತುಂಬುವ ಮೊದಲೇ, ಅಲ್ಲಿಂದ 4 ಲಕ್ಷ 30 ಸಾವಿರಕ್ಕೂ ಹೆಚ್ಚು ಯೆಹೂದ್ಯರನ್ನು ರೈಲಿನ ಗೂಡ್ಸ್ ಡಬ್ಬಿಗಳಲ್ಲಿ ತುಂಬಿ ಸಾಗಿಸಿದರು. ಹೆಚ್ಚಿನವರು ಹೋದದ್ದು ಆಷ್ವಿಟ್ಜ್‌ಗೆ. ಅಲ್ಲಿ ಇಳಿದ ದಿನವೇ ಬಹುಪಾಲು ಜನರನ್ನು ವಿಷಾನಿಲದಿಂದ ಕೊಂದರು. ಕ್ಲೈನ್ ಅವರನ್ನೂ ಆಷ್ವಿಟ್ಜ್‌ಗೆ ಸಾಗಿಸಿ, ಅಲ್ಲಿಂದ ಡಖಾವ್ ಶಿಬಿರಕ್ಕೆ ಸೇರಿದ ಆಲಾಖ್ ಎಂಬಲ್ಲಿಗೆ ತಳ್ಳಿದರು. 1945ರಲ್ಲಿ ಅಮೆರಿಕದ ಸೇನೆ ಬಂದು ಬಿಡಿಸುವವರೆಗೆ ಅವರು ಬದುಕಿ ಉಳಿದರು.

ಬಿಡುಗಡೆಯಾದ ಮೇಲೆ ಊರಿಗೆ ಹೋದರು. ತಂದೆ ಇರಲಿಲ್ಲ. ಹೆಂಡತಿ ಇರಲಿಲ್ಲ. ಒಬ್ಬನೇ ಮಗನಿದ್ದ, ಅವನೂ ಇರಲಿಲ್ಲ. ಮೂವರು ಸಹೋದರಿಯರಲ್ಲಿ ಇಬ್ಬರು ಇರಲಿಲ್ಲ. ಎಲ್ಲರೂ ಆಷ್ವಿಟ್ಜ್‌ನಲ್ಲಿ ತೀರಿಹೋಗಿದ್ದರು. ಆಗ ಕ್ಲೈನ್ ಅವರಿಗೆ ನಲವತ್ತಾರು ವರ್ಷದ ಆಸುಪಾಸು.

ಕೆಲವು ವರ್ಷ ಪ್ಯಾರಿಸ್‌ನಲ್ಲಿದ್ದು, 1951ರಲ್ಲಿ ಉಳಿದ ಸಹೋದರಿ ಮತ್ತು ಭಾವನ ಜೊತೆ ಕೆನಡಾಕ್ಕೆ ಹೋದರು. ಟೊರಾಂಟೊದಲ್ಲಿ ‘ಬೆತ್ ಯಿತ್ಸಹಾಕ್’ ಎಂಬ ಪ್ರಾರ್ಥನಾ ಸಮಾಜವನ್ನು ಕಟ್ಟಿ ಅದರ ರಬ್ಬಿಯಾದರು. ‘ಬೆತ್’ ಎಂದರೆ ಮನೆ; ಯಿತ್ಸಹಾಕನ ಮನೆ ಎಂದು ಹೆಸರಿನ ಅರ್ಥ. ತಂದೆಯ ಹೆಸರೂ ಯಿತ್ಸಹಾಕ್ ಎಂದು ಮೇಲೆ ಹೇಳಿದ್ದೇನೆ. ಐವತ್ತು ದಾಟಿದ ವಯಸ್ಸು, ಹೊಸ ದೇಶ, ಹೊಸ ಜನ. ಆ ಸ್ಥಿತಿಯಲ್ಲಿದ್ದವರು ಕೈ ಹಾಕಿದ್ದು ಇಂಗ್ಲಿಷ್ ಭಾಷೆಯ ಸಮಗ್ರ ವ್ಯುತ್ಪತ್ತಿ ಕೋಶಕ್ಕೆ!

ಇಂಗ್ಲಿಷಿಗೆ ಒಂದು ಕೋಶ

ಆ ಕೋಶದ ಮೊದಲ ಸಂಪುಟ 1966ರಲ್ಲಿ, ಎರಡನೆಯದು 1967ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಎಲ್ಸೆವಿಯರ್ ಸಂಸ್ಥೆಯಿಂದ ಹೊರಬಂತು. ಆಗ ಕ್ಲೈನ್ ಅವರಿಗೆ 67 ವರ್ಷ. ಸುಮಾರು 40 ಭಾಷೆಗಳು ಅವರಿಗೆ ತಿಳಿದಿದ್ದವು ಎಂದು ಹೇಳುತ್ತಾರೆ. ಸಾಮಾನ್ಯ ಪದಗಳಲ್ಲದೆ ವಿಜ್ಞಾನದ ಪಾರಿಭಾಷಿಕ ಪದಗಳು, ವ್ಯಕ್ತಿನಾಮಗಳು, ಪುರಾಣದ ಹೆಸರುಗಳು ಎಲ್ಲಕ್ಕೂ ಅದರಲ್ಲಿ ಮೂಲ ಕೊಟ್ಟಿದ್ದಾರೆ.

ಆ ಕೋಶದ ಹೆಚ್ಚುಗಾರಿಕೆ ಇನ್ನೊಂದಿದೆ. ಅದುವರೆಗಿನ ಇಂಗ್ಲಿಷ್ ನಿಘಂಟುಗಳು ಗ್ರೀಕ್, ಲ್ಯಾಟಿನ್ ಮೂಲದ ಪದಗಳನ್ನು ಬೇರಿನ ತನಕ ಅಗೆದು ತೋರಿಸುತ್ತಿದ್ದವು. ಸಂಸ್ಕೃತದ ಸಮಾನ ಪದವನ್ನೂ ಕೊಡುತ್ತಿದ್ದವು. ಆದರೆ ಹೀಬ್ರೂ, ಅರಬ್ಬಿ ಮೂಲದ ಪದ ಬಂದಾಗ ‘ಹೀಬ್ರೂವಿನಿಂದ’ ಎಂದು ಒಂದು ಮಾತು ಬರೆದು ಕೈತೊಳೆದುಕೊಳ್ಳುತ್ತಿದ್ದವು. ಕ್ಲೈನ್ ಆ ಪದಗಳಿಗೂ ಅದೇ ಮರ್ಯಾದೆ ಕೊಟ್ಟರು. ಧಾತು ಯಾವುದು, ಅರಮೇಯಿಕ್‌ನಲ್ಲಿ ಹೇಗಿದೆ, ಅರಬ್ಬಿಯಲ್ಲಿ ಹೇಗಿದೆ, ಬ್ಯಾಬಿಲೋನಿನ ಹಳೆಯ ಅಕ್ಕಾಡಿಯನ್ ಭಾಷೆಯಲ್ಲಿ ಹೇಗಿತ್ತು ಎಂದೆಲ್ಲ ಬಿಡಿಸಿದರು.

ಒಂದು ಉದಾಹರಣೆ ನೋಡಿ. ನಿಮ್ಮ ಶಾಲೆಯಲ್ಲೋ ಊರಿನ ಸಹಕಾರ ಸಂಘದಲ್ಲೋ ‘ಸಿಲ್ವರ್ ಜೂಬಿಲಿ’ ಆಚರಣೆ ನಡೆದಿರಬಹುದು. ಜೂಬಿಲಿ ಎಂಬುದು ಹೀಬ್ರೂವಿನ ‘ಯೋವೆಲ್’ ಪದ. ಯೋವೆಲ್ ಎಂದರೆ ಟಗರು. ಮುಂದೆ ಟಗರಿನ ಕೊಂಬು ಎಂದಾಯಿತು. ಪ್ರಾಚೀನ ಇಸ್ರೇಲಿನ ಧರ್ಮಶಾಸ್ತ್ರದ ಪ್ರಕಾರ ಪ್ರತಿ 50ನೆಯ ವರ್ಷ ಬಂದಾಗ ಕೊಂಬು ಊದಿ ಸಾರಬೇಕು. ಆ ವರ್ಷ ಜೀತದಾಳುಗಳಿಗೆ ಬಿಡುಗಡೆ, ಕೈತಪ್ಪಿದ ಹೊಲ ಮತ್ತೆ ಮೂಲ ಮನೆತನಕ್ಕೆ. ಆ ಕೊಂಬಿನ ಹೆಸರೇ ವರ್ಷದ ಹೆಸರಾಯಿತು. ಗ್ರೀಕ್, ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಲ್ಯಾಟಿನ್ನಿನಲ್ಲಿ ಹರ್ಷೋದ್ಗಾರ ಎಂಬ ಅರ್ಥದ ಇನ್ನೊಂದು ಪದದ ಸಹವಾಸವಾಗಿ ರೂಪವೂ ಸ್ವಲ್ಪ ಬದಲಾಯಿತು. ಜೀತ ಬಿಡಿಸುವ ಕೊಂಬಿನ ದನಿ ಇಂದು ನಮ್ಮ ಶಾಮಿಯಾನದ ಕೆಳಗಿನ ಸಮಾರಂಭವಾಗಿದೆ. ಇದು ಬರಿಯ ಪದಾರ್ಥವಲ್ಲ, ಇತಿಹಾಸ. ಪದಗಳ ಚರಿತ್ರೆಯೆಂದರೆ ನಾಗರಿಕತೆಯ ಚರಿತ್ರೆ ಎಂದು ಕ್ಲೈನ್ ತಮ್ಮ ಕೋಶದ ಶೀರ್ಷಿಕೆಯ ಪುಟದಲ್ಲೇ ಸೂಚಿಸಿದ್ದಾರೆ.

ಅದೇ ಕೋಶದ ಅರ್ಪಣೆಯ ಪುಟದಲ್ಲಿ ತಂದೆ, ತಾಯಿ, ಹೆಂಡತಿ, ಮಗನ ಸ್ಮರಣೆಯಿದೆ. ಆಷ್ವಿಟ್ಜ್ ಎಂಬ ಊರಿನ ಹೆಸರಿದೆ. ಪೀಠಿಕೆಯಲ್ಲಿ ಅವರು ಹೇಳಿಕೊಂಡಿರುವ ಒಂದು ಆಶಯ ಗಮನಿಸುವಂಥದು. ಭಾಷೆಗಳು ಬೆಳೆದ ಬಗೆಯನ್ನು ನೋಡಿದರೆ ಲೋಕದ ಜನಾಂಗಗಳು ಪರಸ್ಪರ ಎಷ್ಟು ಹತ್ತಿರದವು ಎಂಬುದು ಕಾಣುತ್ತದೆ. ಅದನ್ನು ತೋರಿಸಿ ಅವುಗಳನ್ನು ಶಾಂತಿಯ ಕಡೆಗೆ ಇನ್ನಷ್ಟು ಹತ್ತಿರ ತರಬೇಕೆಂಬುದು ಈ ಕೋಶದ ಮುಖ್ಯ ಉದ್ದೇಶಗಳಲ್ಲಿ ಒಂದು ಎಂಬುದು ಅದರ ಸಾರಾಂಶ. ರಕ್ತದ ಶುದ್ಧಿಯ ಹೆಸರಿನಲ್ಲಿ ಮನೆಮಂದಿಯನ್ನು ಕಳೆದುಕೊಂಡ ಮನುಷ್ಯ ಬರೆದ ಮಾತು ಇದು. ಅವರ ಕೋಶದಲ್ಲಿ ಜರ್ಮನ್ ಪದಗಳೂ ತಮ್ಮ ಜಾಗದಲ್ಲಿ, ಹೀಬ್ರೂ ಪದಗಳಷ್ಟೇ ಗೌರವದಿಂದ ಕುಳಿತಿವೆ. ವಿದ್ವತ್ತು ಎಂದರೆ ಇದು.

ಮತ್ತೆ ಮಾತಾದ ಭಾಷೆ

ಕ್ಲೈನ್ ಅವರ ಎರಡನೆಯ ದೊಡ್ಡ ಕೆಲಸ ಹೀಬ್ರೂ ಭಾಷೆಯ ಸಮಗ್ರ ವ್ಯುತ್ಪತ್ತಿ ಕೋಶ. ಇಂಗ್ಲಿಷ್ ಬಲ್ಲ ಓದುಗರಿಗಾಗಿ ಬರೆದದ್ದು. ಅದರ ಬೆಲೆ ತಿಳಿಯಬೇಕಾದರೆ ಹೀಬ್ರೂವಿನ ಚರಿತ್ರೆಯನ್ನು ಎರಡು ಮಾತಿನಲ್ಲಾದರೂ ತಿಳಿಯಬೇಕು.

ಹೀಬ್ರೂವನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. 22 ಅಕ್ಷರಗಳು, ಎಲ್ಲವೂ ವ್ಯಂಜನಗಳೇ. ಸ್ವರಗಳನ್ನು ಸೂಚಿಸಲು ಚುಕ್ಕೆ ಗೆರೆಗಳಿವೆಯಾದರೂ ದಿನಬಳಕೆಯಲ್ಲಿ ಅವನ್ನು ಬಿಟ್ಟೇ ಬರೆಯುತ್ತಾರೆ. ನಾವು ಕಾಗುಣಿತವನ್ನೆಲ್ಲ ಬಿಟ್ಟು ಬರೆದಂತೆ. ಪದಗಳ ಬುಡದಲ್ಲಿ ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತು. ಕ್-ತ್-ವ್ ಎಂಬುದು ಬರೆಯುವುದಕ್ಕೆ ಸಂಬಂಧಿಸಿದ ಧಾತು: ‘ಕತವ್’ ಎಂದರೆ ಬರೆದನು, ‘ಮಿಖ್ತಾವ್’ ಎಂದರೆ ಕಾಗದ, ‘ಕ್ತೋವೆತ್’ ಎಂದರೆ ವಿಳಾಸ. ಇದರ ಅರಬ್ಬಿ ಸೋದರ ಧಾತು ಕ್-ತ್-ಬ್. ಅದರಿಂದ ‘ಕಿತಾಬ್’, ನಮ್ಮ ‘ಕಿತಾಬು’. ಹಾಗೆಯೇ ಶ್-ಲ್-ಮ್ ಧಾತುವಿನಿಂದ ‘ಶಾಲೋಮ್’, ಶಾಂತಿ. ಅದೇ ಧಾತುವಿನಿಂದ ಪೂರ್ಣ ಎಂಬರ್ಥದ ‘ಶಾಲೇಮ್’, ಹಣ ಸಲ್ಲಿಸಿದನು ಎಂಬರ್ಥದ ‘ಶಿಲ್ಲೇಮ್’. ಸಾಲ ತೀರಿದರೆ ಲೆಕ್ಕ ಪೂರ್ತಿಯಾಯಿತು, ಮನಸ್ಸಿಗೆ ಶಾಂತಿಯಾಯಿತು! ಅರಬ್ಬಿಯಲ್ಲಿ ಇದರ ಸೋದರ ‘ಸಲಾಮ್’. ಅದೇ ನಮ್ಮ ‘ಸಲಾಮು’.

ಸುಮಾರು 200ನೆಯ ಇಸವಿಯ ಹೊತ್ತಿಗೆ ಹೀಬ್ರೂ ಮನೆಮಾತಾಗಿ ನಿಂತುಹೋಯಿತು. ಆದರೆ ಸತ್ತಿತು ಎನ್ನುವಂತಿಲ್ಲ. ಪ್ರಾರ್ಥನೆ, ಶಾಸ್ತ್ರಚರ್ಚೆ, ಕಾವ್ಯ, ದೂರದೇಶದ ಪಂಡಿತರ ಪತ್ರವ್ಯವಹಾರ ಇವುಗಳಲ್ಲಿ ಬದುಕಿತ್ತು. 1881ರಲ್ಲಿ ಎಲಿಯೇಜರ್ ಬೆನ್ ಯೆಹೂದಾ ಎಂಬುವನು ಜೆರುಸಲೇಮಿಗೆ ಬಂದು, ತನ್ನ ಮನೆಯಲ್ಲಿ ಹೀಬ್ರೂವನ್ನೇ ಆಡುವುದೆಂದು ಹಟ ಹಿಡಿದ. ಮರುವರ್ಷ ಹುಟ್ಟಿದ ಅವನ ಮಗ ಹೊಸಗಾಲದಲ್ಲಿ ಹೀಬ್ರೂವನ್ನು ತಾಯ್ನುಡಿಯಾಗಿ ಕಲಿತ ಮೊದಲ ಮಗು ಎನ್ನುತ್ತಾರೆ. ಆದರೆ ಶಾಸ್ತ್ರಗ್ರಂಥದ ಭಾಷೆಯಲ್ಲಿ ಪತ್ರಿಕೆಗೆ, ರೈಲಿಗೆ, ವಿದ್ಯುತ್ತಿಗೆ ಪದಗಳೆಲ್ಲಿಂದ ಬರಬೇಕು? ಹಳೆಯ ಧಾತುಗಳಿಂದ ಹೊಸ ಪದ ಕಟ್ಟತೊಡಗಿದರು. ಕಾಲ ಎಂಬರ್ಥದ ‘ಏತ್’ನಿಂದ ಪತ್ರಿಕೆಗೆ ‘ಇತೋನ್’. ಪದ ಎಂಬರ್ಥದ ‘ಮಿಲ್ಲಾ’ದಿಂದ ನಿಘಂಟಿಗೆ ‘ಮಿಲ್ಲೋನ್’. ಇವೆರಡೂ ಬೆನ್ ಯೆಹೂದಾ ಟಂಕಿಸಿದವು. ರಥ ಎಂಬರ್ಥದ ‘ರೆಖೆವ್’ನಿಂದ ರೈಲಿಗೆ ‘ರಕ್ಕೆವೆತ್’.

ವಿದ್ಯುತ್ತಿನ ಕಥೆ ಇನ್ನೂ ಸ್ವಾರಸ್ಯದ್ದು. ಪ್ರವಾದಿ ಯೆಹೆಜ್ಕೇಲನ ಗ್ರಂಥದಲ್ಲಿ ಬೆಂಕಿಯ ನಡುವೆ ಹೊಳೆಯುವ ‘ಹಷ್ಮಲ್’ ಎಂಬುದೊಂದು ಬರುತ್ತದೆ. ಪ್ರಾಚೀನ ಗ್ರೀಕ್ ಅನುವಾದಕರು ಅದನ್ನು ‘ಎಲೆಕ್ಟ್ರೋನ್’ ಎಂದು ಭಾಷಾಂತರಿಸಿದ್ದರು. ಇಂಗ್ಲಿಷಿನ ಎಲೆಕ್ಟ್ರಿಸಿಟಿ ಹುಟ್ಟಿದ್ದು ಅದೇ ಗ್ರೀಕ್ ಪದದಿಂದ. ಹಾಗಾದರೆ ವಿದ್ಯುತ್ತಿಗೆ ಹೀಬ್ರೂವಿನಲ್ಲಿ ‘ಹಷ್ಮಲ್’ ಎಂದೇ ಇರಲಿ ಎಂದು 19ನೆಯ ಶತಮಾನದ ಕವಿ ಯೆಹೂದಾ ಲೈಬ್ ಗಾರ್ಡನ್ ಬಳಕೆಗೆ ತಂದ. ಮಿಂಚು ಎಂಬರ್ಥದ ಹಳೆಯ ಸಂಸ್ಕೃತ ಪದವನ್ನು ನಾವು ಕರೆಂಟಿಗೆ ಕರೆತಂದು ‘ವಿದ್ಯುತ್’ ಎಂದೆವಲ್ಲ, ಅದೂ ಇದೇ ಬಗೆಯ ಉಪಾಯ.

ಹೀಗೆ ಮೂರು ಸಾವಿರ ವರ್ಷದ ಪದಗಳೂ ನಿನ್ನೆ ಮೊನ್ನೆ ಹುಟ್ಟಿದ ಪದಗಳೂ ಒಂದೇ ಪುಟದಲ್ಲಿ ಸೇರಿಕೊಂಡಿರುವ ಭಾಷೆ ಅದು. ಯಾವುದು ಅಜ್ಜಿ, ಯಾವುದು ಮೊಮ್ಮಗಳು ಎಂದು ತಿಳಿಯುವುದು ಹೇಗೆ? ಕ್ಲೈನ್ ಅವರ ಕೋಶ ಅದನ್ನು ಬಿಡಿಸಿ ಹೇಳುತ್ತದೆ. ಧಾತುಗಳಿಗೇ ಪ್ರತ್ಯೇಕ ಉಲ್ಲೇಖವಿದೆ. ಪದವೊಂದು ಬೈಬಲಿನ ಕಾಲದ್ದೋ, ಆಮೇಲಿನದೋ, ಮಧ್ಯಯುಗದ್ದೋ, ಹೊಸ ಹೀಬ್ರೂವಿನದೋ, ಪರಭಾಷೆಯದೋ ಎಂಬುದಕ್ಕೆ ಸಂಕೇತಗಳಿವೆ. ಹೊಸ ಪದವಾದರೆ ಟಂಕಿಸಿದವರು ಯಾರೆಂದು ಸಾಧ್ಯವಾದ ಕಡೆ ಹೆಸರು ಹೇಳುತ್ತಾರೆ. ಒಂದು ಹೊಸ ಪದ ಕಟ್ಟಿಕೊಟ್ಟವನ ಉಪಕಾರವನ್ನು ಸ್ಮರಿಸುವ ಈ ಸೌಜನ್ಯ ನಮ್ಮ ನಿಘಂಟುಕಾರರೂ ಅನುಸರಿಸಬೇಕಾದದ್ದು.

1978ರಲ್ಲಿ ಕೆನಡಾ ಸರ್ಕಾರ ‘ಆರ್ಡರ್ ಆಫ್ ಕೆನಡಾ’ ಗೌರವವನ್ನಿತ್ತು ಅವರನ್ನು ಸನ್ಮಾನಿಸಿತು. 1983ರ ಫೆಬ್ರವರಿ 4ರಂದು ಕ್ಲೈನ್ ತೀರಿಕೊಂಡರು. ಹೀಬ್ರೂ ಕೋಶ ಅಚ್ಚಾಗಿ ಬಂದದ್ದು 1987ರಲ್ಲಿ, ಜೆರುಸಲೇಮಿನ ಕಾರ್ಟಾ ಪ್ರಕಾಶನ ಮತ್ತು ಹೈಫಾ ವಿಶ್ವವಿದ್ಯಾಲಯದಿಂದ. ಅದನ್ನು ಕೈಯಲ್ಲಿ ಹಿಡಿದು ನೋಡುವ ಯೋಗ ಅವರಿಗಿರಲಿಲ್ಲ.

ನಮ್ಮ ಕಡೆಯಿಂದ ಹೋದವು

ಇನ್ನು ಮೊದಲು ಹೇಳಿದ ನೆಂಟರ ಮಾತಿಗೆ ಬರೋಣ. ಕುರ್ಚಿಯ ಮೂಲ ಬ್ಯಾಬಿಲೋನ್ ನಾಡಿನ ‘ಕುಸ್ಸೂ’. ಅದರ ಒಂದು ಕವಲು ಹೀಬ್ರೂವಿನ ‘ಕಿಸ್ಸೆ’. ಇನ್ನೊಂದು ಕವಲು ಅರಮೇಯಿಕ್ ಮೂಲಕ ಅರಬ್ಬಿಗೆ ಹೋಗಿ ‘ಕುರ್ಸೀ’ ಆಯಿತು. ಪಾರ್ಸಿ, ಉರ್ದು ದಾಟಿ ನಮ್ಮಲ್ಲಿ ‘ಕುರ್ಚಿ’ಯಾಯಿತು. ‘ಹಿಸಾಬು’ ಅರಬ್ಬಿಯಿಂದ ಬಂದದ್ದು. ಅದಕ್ಕೂ ಹೀಬ್ರೂವಿನ ‘ಹೆಷ್ಬೋನ್’ಗೂ ಧಾತು ಒಂದೇ.

ಸಕ್ಕರೆ, ಹಿಪ್ಪಲಿಗಳದು ಎದುರು ದಿಕ್ಕಿನ ಪ್ರಯಾಣ. ಸಂಸ್ಕೃತದ ‘ಶರ್ಕರಾ’ ನಮ್ಮಲ್ಲಿ ಸಕ್ಕರೆ. ಪಾರ್ಸಿ, ಅರಬ್ಬಿಗಳ ಮೂಲಕ ಹೀಬ್ರೂವಿನ ಸುಕಾರ್. ಯೂರೋಪಿಗೆ ಹೋಗಿ ಶುಗರ್. ‘ಪಿಪ್ಪಲೀ’ ನಮ್ಮಲ್ಲಿ ಹಿಪ್ಪಲಿ, ಹೀಬ್ರೂವಿನಲ್ಲಿ ಪಿಲ್ಪೆಲ್, ಇಂಗ್ಲಿಷಿನಲ್ಲಿ ಪೆಪ್ಪರ್. ರಬ್ಬಿಗಳು ನಡೆಸುವ ಸೂಕ್ಷ್ಮವಾದ ಶಾಸ್ತ್ರವಾದಕ್ಕೆ ‘ಪಿಲ್ಪುಲ್’ ಎಂದು ಹೆಸರು. ಮೆಣಸಿನಂತೆ ಚುರುಕಾದ ಚರ್ಚೆ ಎಂದು ಅದನ್ನು ಪಿಲ್ಪೆಲ್ ಜೊತೆ ಸೇರಿಸಿ ಹೇಳುವುದುಂಟು.

ಬೈಬಲಿನ ಎಸ್ತೇರಳ ಗ್ರಂಥದಲ್ಲಿ ಪರ್ಷಿಯದ ಅರಮನೆಯ ಪರದೆಗಳ ವರ್ಣನೆಯಲ್ಲಿ ‘ಕರ್ಪಾಸ್’ ಎಂಬ ಬಟ್ಟೆ ಬರುತ್ತದೆ. ಇದು ಹತ್ತಿ ಎಂಬರ್ಥದ ಸಂಸ್ಕೃತದ ‘ಕಾರ್ಪಾಸ’. ರಾಜ ಸೊಲೊಮೋನನ ಹಡಗುಗಳು ತಂದ ಸಾಮಗ್ರಿಗಳಲ್ಲಿ ‘ಕೋಫ್’ ಎಂಬ ಪ್ರಾಣಿ, ‘ತುಕ್ಕೀ’ ಎಂಬ ಹಕ್ಕಿ ಇವೆ. ಮೊದಲನೆಯದನ್ನು ಅನೇಕ ವಿದ್ವಾಂಸರು ನಮ್ಮ ‘ಕಪಿ’ಯೊಡನೆ ಸೇರಿಸುತ್ತಾರೆ. ಎರಡನೆಯದು ನವಿಲು, ತಮಿಳಿನ ‘ತೋಗೈ’, ಅಂದರೆ ನವಿಲಿನ ಗರಿಗಟ್ಟಿದ ಬಾಲ, ಇದರಿಂದ ಬಂದದ್ದೆಂದು ಕಾಲ್ಡ್ವೆಲ್ ಪಂಡಿತರು 19ನೆಯ ಶತಮಾನದಲ್ಲೇ ದ್ರಾವಿಡ ಭಾಷೆಗಳ ವ್ಯಾಕರಣದಲ್ಲಿ ಚರ್ಚಿಸಿದ್ದಾರೆ. ಬಾಲ ಎಂಬರ್ಥದಲ್ಲಿ ‘ತೋಕೆ’ ಕನ್ನಡದಲ್ಲೂ ಉಂಟು.

ಎಲ್ಲಕ್ಕಿಂತ ರುಚಿಯಾದದ್ದು ಶುಂಠಿಯ ಕಥೆ. ಯೆಹೂದ್ಯರ ತಾಲ್ಮೂದ್ ಗ್ರಂಥದ ಕಾಲದ ಭಾಷೆಯಲ್ಲಿ ಶುಂಠಿಗೆ ‘ಜಂಗ್ವಿಲ್’. ಇಂಗ್ಲಿಷಿನ ಜಿಂಜರ್ ಕೂಡ ಇದರ ಬಂಧು. ಎರಡಕ್ಕೂ ಮೂಲ ಪಾಳಿಯ ‘ಸಿಂಗಿವೇರ’, ಸಂಸ್ಕೃತದ ‘ಶೃಂಗವೇರ’. ಕೊಂಬಿನ ಆಕಾರ ಇರುವುದರಿಂದ ‘ಶೃಂಗ’ ಎಂದು ಪಂಡಿತರು ಅರ್ಥ ಹೇಳಿದರು. ಆದರೆ ನಿಜವಾದ ಮೂಲ ದ್ರಾವಿಡದ್ದು. ತಮಿಳು ಮಲಯಾಳಗಳಲ್ಲಿ ಶುಂಠಿಗೆ ‘ಇಂಜಿ’. ‘ವೇರ್’ ಎಂದರೆ ನಮ್ಮ ‘ಬೇರು’. ಲಂಡನ್ನಿನ ಜಿಂಜರ್ ಬಿಸ್ಕತ್ತಿನಲ್ಲೂ ಜೆರುಸಲೇಮಿನ ಜಂಗ್ವಿಲ್ ಕಷಾಯದಲ್ಲೂ ನಮ್ಮ ಬೇರು ಇದೆ!

ಹೋಲಿಕೆಯೆಲ್ಲ ನೆಂಟಸ್ತಿಕೆಯಲ್ಲ

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ಆಟ ಬಹಳ ಬೇಗ ತಲೆಗೇರುತ್ತದೆ. ಹೀಬ್ರೂ ಮಕ್ಕಳು ತಂದೆಯನ್ನು ‘ಅಬ್ಬಾ’ ಎಂದೂ ತಾಯಿಯನ್ನು ‘ಇಮ್ಮಾ’ ಎಂದೂ ಕರೆಯುತ್ತಾರೆ. ನಮ್ಮಲ್ಲಿ ಅಪ್ಪ, ಅಮ್ಮ. ಹಾಗಾದರೆ ಎರಡು ಭಾಷೆಗಳೂ ಒಂದೇ ತಾಯಿಯ ಮಕ್ಕಳು ಎಂದು ಹೊರಟರೆ ದಾರಿ ತಪ್ಪಿತು. ತುಟಿ ಸೇರಿಸಿ ಬಾಯಿ ತೆರೆದರೆ ಹೊರಡುವ ಸದ್ದುಗಳನ್ನೇ ಲೋಕದ ಹಸುಗೂಸುಗಳೆಲ್ಲ ಮೊದಲು ಆಡುತ್ತವೆ. ದೊಡ್ಡವರು ಅವಕ್ಕೆ ಅರ್ಥ ಕೊಡುತ್ತಾರೆ. ಆದ್ದರಿಂದ ಇಂಥ ಪದಗಳು ಸಾಕ್ಷಿಗೆ ಬರುವುದಿಲ್ಲ.

ಹಾಗಾದರೆ ಸಾಕ್ಷಿ ಯಾವುದು? ಧ್ವನಿ ಬದಲಾವಣೆ ಒಂದು ನಿಯಮದಂತೆ ನಡೆದಿರಬೇಕು. ಹಳಗನ್ನಡದ ‘ಪ’ ಹೊಸಗನ್ನಡದಲ್ಲಿ ‘ಹ’ ಆಗುವುದು ನಿಮಗೆ ಗೊತ್ತು: ಪಾಲು ಹಾಲಾಯಿತು, ಪಲ್ಲು ಹಲ್ಲಾಯಿತು. ಅದೇ ನಿಯಮದಿಂದ ಪಿಪ್ಪಲಿ ಹಿಪ್ಪಲಿಯಾಯಿತು. ಎರಡನೆಯದಾಗಿ, ಪದ ನಡೆದು ಬಂದ ದಾರಿ ಚರಿತ್ರೆಗೆ ಹೊಂದಬೇಕು. ವ್ಯಾಪಾರಿಯೋ ಸೈನಿಕನೋ ಯಾತ್ರಿಕನೋ ಆ ದಾರಿಯಲ್ಲಿ ಓಡಾಡಿರಬೇಕು. ಮೂರನೆಯದಾಗಿ, ನಡುವಿನ ಭಾಷೆಗಳಲ್ಲಿ ಅದರ ಹೆಜ್ಜೆಗುರುತು ಸಿಗಬೇಕು. ಇಷ್ಟೂ ಇಲ್ಲದೆ ಬರಿಯ ಸದ್ದಿನ ಹೋಲಿಕೆಯಿಂದ ‘ಲೋಕದ ಭಾಷೆಗಳೆಲ್ಲ ನಮ್ಮದರಿಂದಲೇ ಹುಟ್ಟಿದವು’ ಎಂದು ಎದೆಯುಬ್ಬಿಸುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಹಿಂದೆ ಯೂರೋಪಿನಲ್ಲಿ ಹೀಬ್ರೂವೇ ಎಲ್ಲ ಭಾಷೆಗಳ ತಾಯಿ ಎಂದು ನಂಬಿದ್ದ ಕಾಲವೂ ಇತ್ತು. ಹೀಬ್ರೂವನ್ನು ಪವಿತ್ರ ಭಾಷೆಯೆಂದು ದಿನವೂ ಪ್ರಾರ್ಥಿಸುತ್ತಿದ್ದ ರಬ್ಬಿ ಕ್ಲೈನ್, ಅದರ ಪದ ಸಂಸ್ಕೃತದಿಂದ ಬಂದಿದ್ದರೆ ಸಂಸ್ಕೃತದಿಂದ ಎಂದೇ ಬರೆದರು. ಗ್ರೀಕಿನಿಂದ ಬಂದಿದ್ದರೆ ಗ್ರೀಕಿನಿಂದ ಎಂದೇ ಬರೆದರು. ಭಕ್ತಿ ಅವರ ಲೆಕ್ಕವನ್ನು ಕೆಡಿಸಲಿಲ್ಲ.

ಮಕ್ಕಳಿಗೂ ಹಿರಿಯರಿಗೂ

ತಂದೆ ತಾಯಂದಿರು ಒಂದು ಪ್ರಶ್ನೆ ಕೇಳುವುದುಂಟು. ಮಗ ಅಥವಾ ಮಗಳು ಭಾಷೆಯನ್ನು ಐಚ್ಛಿಕವಾಗಿ ಓದುತ್ತೇನೆ ಎಂದಾಗ, ‘ಅದರಿಂದ ಏನು ಬರುತ್ತದೆ?’ ಎಂದು. ಹೊಟ್ಟೆಪಾಡಿನ ಚಿಂತೆ ಇರುವವರು ಕೇಳಲೇಬೇಕಾದ ಪ್ರಶ್ನೆ, ತಪ್ಪೇನಿಲ್ಲ. ಕ್ಲೈನ್ ಅವರೂ ರಬ್ಬಿಯ ಕೆಲಸದಿಂದಲೇ ಬದುಕು ಸಾಗಿಸಿದರು. ನಿಘಂಟಿನ ಕೆಲಸ ಅದರ ಜೊತೆಗೆ ನಡೆಯಿತು. ಹೀಗಾಗಿ ಎಂಜಿನಿಯರಿಂಗೋ ಕಾಮರ್ಸೋ ಓದುವ ಮಕ್ಕಳಿಗೆ ಭಾಷೆಯ ಬಾಗಿಲು ಮುಚ್ಚಿತು ಎಂದುಕೊಳ್ಳಬೇಕಾಗಿಲ್ಲ. ದಿನಕ್ಕೆ ಅರ್ಧ ಗಂಟೆಯ ಪ್ರೀತಿ ಮೂವತ್ತು ವರ್ಷ ನಿಂತರೆ ಏನಾಗಬಹುದೆಂದು ಯಾರೂ ಮೊದಲೇ ಹೇಳಲಾರರು.

ವಿದ್ಯಾಧನವನ್ನು ಕಳ್ಳರು ಕದಿಯಲಾರರು ಎಂದು ನಮ್ಮಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಕೇಳಿ ಕೇಳಿ ಸವೆದುಹೋದ ಮಾತು. ಆದರೆ ಆಷ್ವಿಟ್ಜ್‌ನ ಬಾಗಿಲಲ್ಲಿ ಬಟ್ಟೆ, ಕನ್ನಡಕ, ಉಂಗುರ, ತಲೆಗೂದಲು, ಕೊನೆಗೆ ಹೆಸರನ್ನೂ ಕಿತ್ತುಕೊಂಡು ನಂಬರು ಕೊಡುತ್ತಿದ್ದರು ಎಂಬುದನ್ನು ನೆನೆದಾಗ ಈ ಮಾತಿಗೆ ಮತ್ತೆ ಜೀವ ಬರುತ್ತದೆ. ಆ ಮನುಷ್ಯನಿಂದ ಅವರು ಕಿತ್ತುಕೊಳ್ಳಲಾರದೆ ಉಳಿದದ್ದು ಒಂದೇ. ಬಾಲ್ಯದಿಂದ ಕಲಿತಿದ್ದ ಭಾಷೆಗಳು. ಅದರಿಂದಲೇ ಅವರು ಎರಡು ಕೋಶಗಳನ್ನು ಕಟ್ಟಿದರು. ವಿದ್ಯೆ ಹೋದವರನ್ನು ಹಿಂದಕ್ಕೆ ತರಲಿಲ್ಲ. ಅದಕ್ಕೆ ಆ ಶಕ್ತಿ ಇಲ್ಲ. ಉಳಿದ ಬಾಳಿಗೆ ಒಂದು ಕೆಲಸ ಕೊಟ್ಟಿತು.

ವಿದ್ಯಾರ್ಥಿಗಳು ಈ ವಾರ ಒಂದು ನೋಟ್‌ಬುಕ್ ತೆಗೆದಿಡಲಿ. ಮನೆಯಲ್ಲಿ ದಿನವೂ ಆಡುವ ಹತ್ತು ಪದಗಳನ್ನು ಬರೆಯಲಿ: ಮೇಜು, ಬೀಗ, ಬಟಾಟೆ, ಚಾವಿ, ಕಾಗದ, ಹೀಗೆ ಯಾವುದಾದರೂ ಸರಿ. ಶಾಲೆಯ ಅಥವಾ ಊರಿನ ಗ್ರಂಥಾಲಯದಲ್ಲಿ ಕಿಟ್ಟೆಲ್ ಅವರ 1894ರ ನಿಘಂಟೋ, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟೋ ಇದ್ದರೆ ಅದರಲ್ಲಿ ಹುಡುಕಲಿ. ಪದ ಯಾವ ಭಾಷೆಯದು, ಯಾವ ದಾರಿಯಲ್ಲಿ ಬಂತು, ಮೊದಲು ಏನು ಅರ್ಥವಿತ್ತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲಿ. ಸಿಗದಿದ್ದರೆ ಜಾಗ ಖಾಲಿ ಬಿಡಲಿ, ಊಹೆಯಿಂದ ತುಂಬಬಾರದು. ತಂದೆ ತಾಯಂದಿರು ಪಕ್ಕದಲ್ಲಿ ಕುಳಿತರೆ ಇನ್ನೂ ಒಳ್ಳೆಯದು. ಅಜ್ಜ ಅಜ್ಜಿಯರಿದ್ದರಂತೂ ನಿಘಂಟಿನಲ್ಲಿಲ್ಲದ ಪದಗಳೂ ಸಿಗುತ್ತವೆ.

ಹತ್ತು ಪದಗಳ ಪಟ್ಟಿ ಮುಗಿಯುವ ಹೊತ್ತಿಗೆ ಪೋರ್ಚುಗೀಸರು, ಪಾರ್ಸಿಯವರು, ಅರಬರು, ಇಂಗ್ಲಿಷರು, ಮರಾಠರು, ತಮಿಳರು ಎಲ್ಲರೂ ನಿಮ್ಮ ಹಜಾರದಲ್ಲಿ ಬಂದು ಕುಳಿತಿರುತ್ತಾರೆ. ಅವರಲ್ಲಿ ಯಾರನ್ನಾದರೂ ಪರಕೀಯರೆಂದು ಎಬ್ಬಿಸಿ ಕಳಿಸಲು ಹೊರಟರೆ, ಅವರ ಜೊತೆ ಕುರ್ಚಿಯೂ ಹೋಗುತ್ತದೆ, ಮೇಜೂ ಹೋಗುತ್ತದೆ.